ಕಟ್ಟೆ ಹೇಳುವ ಮೊದಲು ಮನೆ ಹೇಳಲಿ

ಧಾರವಾಡ ಜಿಲ್ಲೆಯ ಮೊರಬದಂಥ ಊರುಗಳಲ್ಲಿ ದತ್ತಕ ಗುಟ್ಟಾಗಿರಲಿಲ್ಲ. ಅಣ್ಣನ ಮಗ ತಮ್ಮನ ಮನೆಗೆ ದತ್ತಕ ಹೋದರೆ ಊರಿಗೇ ಊಟ. ಹುಡುಗನಿಗೆ ಹಡೆದವ್ವನೂ ಗೊತ್ತು, ಸಾಕಿದವ್ವನೂ ಗೊತ್ತು. ಗುಟ್ಟು ಬೆಳೆದದ್ದು ದತ್ತು ಸಂಸ್ಥೆಯಿಂದ ಕೂಸು ತರತೊಡಗಿದ ಮೇಲೆ. ಅದು ಒಡೆಯುವುದು ಶಾಲೆಯ ಜಗಳದಲ್ಲಿ, ಇಲ್ಲವೇ ಕನ್ಯಾ ನೋಡಲು ಹೋದಾಗ ಯಾರೋ ‘ಬೆಡಗು ಯಾವುದ್ರೀ?’ ಎಂದು ವಂಶದ ಬಳಿ ಕೇಳಿದಾಗ.

ಆದ್ದರಿಂದ ಮೊದಲ ಕೆಲಸ ತಂದೆತಾಯಿಯದು. ಕೂಸು ಕತೆ ಕೇಳುವ ವಯಸ್ಸಿಗೆ ಬಂದಾಗಲೇ ‘ನಿನ್ನ ಕರಕೊಂಡು ಬಂದ ದಿನ’ದ ಕತೆ ಹೇಳಿ. ಅಂದಿನ ಫೋಟೊ, ಅಂಗಿ, ದತ್ತು ಆದೇಶದ ಪ್ರತಿ ಒಂದೇ ಟ್ರಂಕಿನಲ್ಲಿರಲಿ. ಹದಿನೆಂಟರ ತನಕ ಕಾಯುವುದು ಜಾಣತನವಲ್ಲ. ಅಷ್ಟರೊಳಗೆ ಊರು ಹೇಳಿಬಿಟ್ಟಿರುತ್ತದೆ.

ಇನ್ನು ತಮ್ಮ ಹುಟ್ಟಿನ ಬೇರು ಹುಡುಕಲು ಹೊರಟ ದತ್ತು ಮಕ್ಕಳು ತಮ್ಮದು ಯಾವ ಬಗೆಯ ದತ್ತು ಎಂದು ಮೊದಲು ತಿಳಿಯಬೇಕು. ಬಂಧುಗಳೊಳಗೆ, 1956ರ ಹಿಂದೂ ದತ್ತಕ ಕಾಯ್ದೆಯಂತೆ ನಡೆದದ್ದಾದರೆ ಪತ್ರ ನೋಂದಣಿ ಆಗಿದೆಯೇ ಎಂದು ಉಪನೋಂದಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ, ದೃಢೀಕೃತ ನಕಲು ಪಡೆಯಿರಿ. ನೋಂದಣಿ ಕಡ್ಡಾಯವಲ್ಲ, ಕೊಟ್ಟು ತೆಗೆದುಕೊಂಡದ್ದು ಮುಖ್ಯ. ಆದರೆ ಹೊಲದ ತಕರಾರು ಬಂದಾಗ ಕೈ ಹಿಡಿಯುವುದು ಆ ಪತ್ರವೇ.

ಸಂಸ್ಥೆಯಿಂದ ಬಂದವರ ದಾರಿ ಬೇರೆ. ಆದೇಶದಲ್ಲಿ ಸಂಸ್ಥೆಯ ಹೆಸರಿರುತ್ತದೆ. ಹಿಂದೆ ಈ ಆದೇಶ ನ್ಯಾಯಾಲಯದಿಂದ ಬರುತ್ತಿತ್ತು, 2022ರ ಸೆಪ್ಟೆಂಬರ್‌ನಿಂದ ಜಿಲ್ಲಾಧಿಕಾರಿ ಕೊಡುತ್ತಾರೆ. ಹದಿನೆಂಟು ತುಂಬಿದವರು ತಾವೇ, ಚಿಕ್ಕವರು ಸಾಕಿದ ತಂದೆತಾಯಿಯ ಜೊತೆಗೂಡಿ ಅರ್ಜಿ ಹಾಕಬಹುದು. ಆ ಸಂಸ್ಥೆಗೆ, ಧಾರವಾಡದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ, ರಾಜ್ಯದ ದತ್ತು ಸಂಪನ್ಮೂಲ ಸಂಸ್ಥೆಗೆ ಅಥವಾ ದೆಹಲಿಯ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ ‘ಕಾರಾ’ಕ್ಕೆ ಬರೆಯಿರಿ. ‘ನಾ ಹುಡುಕಿ ಕೊಡ್ತೀನಿ, ರೊಕ್ಕ ಕೊಡ್ರಿ’ ಎನ್ನುವ ಮಧ್ಯಸ್ಥನನ್ನು ಬಾಗಿಲಲ್ಲೇ ಕಳಿಸಿ. ಮೂರನೆಯವರು ಬೇರು ಹುಡುಕುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲ.

ಅರ್ಜಿಯಲ್ಲಿ ಬರೀ ‘ಮಾಹಿತಿ ಕೊಡಿ’ ಎನ್ನಬೇಡಿ. ಮಗುವಿನ ಅಧ್ಯಯನ ವರದಿ, ಆರೋಗ್ಯ ವರದಿ, ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಎಂದು ಹೆಸರು ಹಿಡಿದು ಕೇಳಿ. ಬಿಟ್ಟುಹೋಗಿದ್ದ ಕೂಸಾದರೆ ಹಡೆದವರನ್ನು ಹುಡುಕಲು ಪತ್ರಿಕೆಯಲ್ಲಿ ಕೊಟ್ಟ ಪ್ರಕಟಣೆಯನ್ನೂ ಕೇಳಿ. ಎಲ್ಲಿ, ಯಾವಾಗ ಸಿಕ್ಕಿರಿ ಎಂಬುದು ಕೆಲವೊಮ್ಮೆ ಆ ನಾಲ್ಕು ಸಾಲಿನಲ್ಲಷ್ಟೇ ಉಳಿದಿರುತ್ತದೆ.

ಹಡೆದವಳೇ ಕೂಸನ್ನು ಒಪ್ಪಿಸಿ, ತನ್ನ ಗುರುತು ಹೇಳಬೇಡಿ ಎಂದಿದ್ದರೆ ಅದನ್ನು ತಿಳಿಸಲು ಅವಳ ಲಿಖಿತ ಒಪ್ಪಿಗೆ ಬೇಕು. ಅವಳು ಒಪ್ಪದಿದ್ದರೆ ಅಥವಾ ಸಿಗದಿದ್ದರೆ, ಯಾವ ಪರಿಸ್ಥಿತಿಯಲ್ಲಿ ಒಪ್ಪಿಸಿದಳು ಎಂಬುದನ್ನಷ್ಟೇ ತಿಳಿಸುತ್ತಾರೆ. ಅರ್ಧ ಉತ್ತರ ಎನಿಸಬಹುದು. ಆದರೆ ಇಪ್ಪತ್ತು ವರ್ಷದ ಹಿಂದೆ ಯಾರಿಗೂ ಹೇಳದೆ ಹಡೆದವಳಿಗೆ ಇಂದು ಬೇರೆ ಮನೆ, ಬೇರೆ ಮಕ್ಕಳು ಇರಬಹುದಲ್ಲ.

ಬೆಡಗಿನ ಪ್ರಶ್ನೆಗೆ ಬರೋಣ. ಸಾಕಿದ ಮನೆಯದನ್ನೇ ಹೇಳಿ, ಅಂಜಬೇಡಿ. ಕಾನೂನಿನಂತೆಯೂ ನೀವು ಆ ಮನೆಯ ಮಕ್ಕಳೇ. ಹುಟ್ಟಿದ ಮನೆಯಲ್ಲಿ ಯಾರ ಜೊತೆ ಮದುವೆ ನಿಷಿದ್ಧವಿತ್ತೋ, ಆ ನಿಷೇಧ ಮಾತ್ರ ಹಾಗೆಯೇ ಉಳಿಯುತ್ತದೆ. ದತ್ತಕಕ್ಕೆ ಮೊದಲೇ ನಿಮ್ಮ ಹಕ್ಕಿಗೆ ಬಂದ ಆಸ್ತಿಯೂ ನಿಮ್ಮದೇ.

ಉತ್ತರ ಬರದಿದ್ದರೂ ಸಂಸ್ಥೆಯ ಕಡತಕ್ಕೆ ಒಂದು ಕಾಗದ ಬರೆದುಕೊಡಿ. ಫೋನ್ ನಂಬರ್ ಬದಲಾದಾಗ ಅದನ್ನೂ ತಿಳಿಸಿ. ಮುಂದೊಂದು ದಿನ ಹಡೆದವಳೇ ಬಂದು ವಿಚಾರಿಸಿದರೆ ನಿಮ್ಮ ವಿಳಾಸ ಅಲ್ಲಿರಲಿ.