ಎದುರಿಗೆ ಬರೋದು ಕಾಣಬೇಕು: ರಾಬಿನ್ಸ್‌ವಿಲ್ ಸುತ್ತ ಓಡುವವರಿಗೊಂದು ಪಾಠ



ಕಳೆದ ಪಿಕ್‌ನಿಕ್‌ನಲ್ಲಿ ಚಿತ್ರಾನ್ನದ ತಟ್ಟೆ ಹಿಡಿದು ನಿಂತಿದ್ದಾಗ ನಾಲ್ಕೈದು ಜನ ನನ್ನನ್ನು ಒಂದೇ ಪ್ರಶ್ನೆ ಕೇಳಿದರು: "ಓಡೋಕೆ ಶುರು ಮಾಡ್ಬೇಕು ಅಂತಿದೀವಿ, ನಮ್ಮ ಕಡೆ ಎಲ್ಲಿ ಓಡೋದು?" ಟ್ರೆಡ್‌ಮಿಲ್ ಕೊಂಡು ಅದರ ಮೇಲೆ ಬಟ್ಟೆ ಒಣಗಿಸಿದವರಲ್ಲಿ ನಾನೂ ಒಬ್ಬ. ಹಾಗಾಗಿ ಈ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ನನಗಿದೆ ಅಂದುಕೊಂಡು ಬರೆಯುತ್ತಿದ್ದೇನೆ.

ಮೊದಲು ಒಂದು ಘಟನೆ. ಕೆಲವು ವರ್ಷಗಳ ಹಿಂದೆ ಅಪ್ಪ ಸಾಗರದಿಂದ ಬಂದಿದ್ದರು. ನಿವೃತ್ತ ಮೇಷ್ಟ್ರು, ವಯಸ್ಸು ಎಪ್ಪತ್ತೆರಡು, ಬೆಳಗಿನ ವಾಕಿಂಗ್ ತಪ್ಪಿಸಿದವರಲ್ಲ. ಒಂದು ಭಾನುವಾರ ಇಬ್ಬರೂ ಜೋಳದ ಹೊಲ, ಸೋಯಾ ಹೊಲಗಳ ನಡುವಿನ ಒಂದು ಹಳ್ಳಿ ರಸ್ತೆಗೆ ಹೋದೆವು. ಫುಟ್‌ಪಾತ್ ಇಲ್ಲ, ಕಾರುಗಳೂ ಹೆಚ್ಚಿಲ್ಲ. ಅಪ್ಪ ರಸ್ತೆಯ ಎಡಬದಿಯಲ್ಲಿ ನಡೆಯುತ್ತಿದ್ದರು. ನಾನು ಬಲಬದಿಯಲ್ಲಿ ಓಡುತ್ತಿದ್ದೆ. ಹದಿನೈದು ವರ್ಷ ಈ ದೇಶದಲ್ಲಿ ಬಲಗಡೆ ಕಾರು ಓಡಿಸಿದವನಿಗೆ ಕಾಲೂ ತಾನಾಗಿ ಬಲಕ್ಕೇ ಹೋಗುತ್ತದೆ. ಕಿವಿಯಲ್ಲಿ ಹಾಡು ಬೇರೆ.

"ಏಯ್! ಪಕ್ಕಕ್ಕೆ!" ಎಂದು ಅಪ್ಪ ಕೂಗಿದ್ದು ಹಾಡಿನ ನಡುವೆ ಅರ್ಧ ಕೇಳಿಸಿತು. ಅಷ್ಟರಲ್ಲಿ ಹಿಂದಿನಿಂದ ಬಂದ ಪಿಕಪ್ ಟ್ರಕ್ಕಿನ ಕನ್ನಡಿ ನನ್ನ ಮೊಣಕೈಗೆ ತಾಗಿತು. ನಾನು ಚರಂಡಿಯಲ್ಲಿದ್ದೆ. ಮಣಿಕಟ್ಟು ಬಿರುಕು ಬಿಟ್ಟು ಆರು ವಾರ ಪ್ಲಾಸ್ಟರ್. ಒಂದಡಿ ಆಚೀಚೆ ಆಗಿದ್ದರೆ ಈ ಲೇಖನ ಬರೆಯಲು ನಾನು ಇರುತ್ತಿರಲಿಲ್ಲ.

ಸಂಜೆ ಕಾಫಿ ಕುಡಿಯುತ್ತಾ ನಾನಂದೆ, "ನೀವು ಊರಿನ ಅಭ್ಯಾಸದಲ್ಲಿ ಎಡಗಡೆ ನಡೆದ್ರಿ, ಅದೃಷ್ಟಕ್ಕೆ ಅದೇ ಸರಿಯಾಯ್ತು." ಅಪ್ಪ ನಕ್ಕರು. "ಅಲ್ಲ ಮಾರಾಯ, ಊರಲ್ಲಿ ನಾನು ಬಲಗಡೆ ನಡೆಯೋದು. ಅಲ್ಲಿ ಲಾರಿ ಎಡಗಡೆ ಬರ್ತವೆ, ಇಲ್ಲಿ ಬಲಗಡೆ. ಎಡ-ಬಲ ಲೆಕ್ಕ ಅಲ್ಲ ಕಣೋ, ಎದುರಿಗೆ ಬರೋದು ಕಣ್ಣಿಗೆ ಕಾಣಬೇಕು ಅಷ್ಟೆ."

ಇದೇ ಇವತ್ತಿನ ಪಾಠದ ಸಾರ. ನಿಶ್ಶಬ್ದವಾದ ರಸ್ತೆ ಎಂದರೆ ಸುರಕ್ಷಿತವಾದ ರಸ್ತೆ ಎಂದಲ್ಲ. ದಾರಿಯ ಚೆಲುವು ಆಮೇಲೆ ನೋಡೋಣ, ಮೊದಲು ಅಲ್ಲಿ ಗಾಡಿ ಎಲ್ಲಿಂದ ಬರುತ್ತದೆ ನೋಡಿ.

ಲೆಕ್ಕ ಹಾಕಿ ನೋಡಿ

ಗಂಟೆಗೆ 40 ಮೈಲಿ ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 60 ಅಡಿ ಬರುತ್ತದೆ. 300 ಅಡಿ ದೂರದಲ್ಲೇ ಅದನ್ನು ಕಂಡರೆ ನಿಮಗೆ ಐದು ಸೆಕೆಂಡು ಸಿಗುತ್ತದೆ. ಹುಲ್ಲಿಗೆ ಇಳಿಯಲು ಅಷ್ಟು ಸಾಕು. ಬೆನ್ನ ಹಿಂದಿನಿಂದ ಬಂದರೆ ಸಿಗುವುದು ಸೊನ್ನೆ. ನ್ಯೂಜೆರ್ಸಿಯ ಸಂಚಾರ ಕಾನೂನೂ ಇದನ್ನೇ ಹೇಳುತ್ತದೆ: ಫುಟ್‌ಪಾತ್ ಇದ್ದರೆ ಅದರ ಮೇಲೆ, ಇಲ್ಲದಿದ್ದರೆ ಸಾಧ್ಯವಾದಷ್ಟು ರಸ್ತೆಯ ಎಡ ಅಂಚಿನಲ್ಲಿ, ವಾಹನಗಳಿಗೆ ಎದುರಾಗಿ ನಡೆಯಬೇಕು. ಮಕ್ಕಳಿಗೆ ಮಾತ್ರ ಗೊಂದಲವಾಗದಂತೆ ಬಿಡಿಸಿ ಹೇಳಿ: ಕಾಲಿನಲ್ಲಿ ಹೋದರೆ ಎಡಗಡೆ, ಸೈಕಲ್ಲಿನಲ್ಲಿ ಹೋದರೆ ಕಾರುಗಳಂತೆ ಬಲಗಡೆ.

ಒಂದು ಅಪವಾದವೂ ಇದೆ. ರಸ್ತೆ ಎಡಕ್ಕೆ ತೀರಾ ತಿರುಗಿ ಮುಂದೇನೂ ಕಾಣದಿದ್ದರೆ, ತಿರುವಿಗೆ ಮೊದಲೇ ನಿಂತು ನೋಡಿ ಬಲಬದಿಗೆ ದಾಟಿ, ತಿರುವು ಮುಗಿದ ಮೇಲೆ ವಾಪಸ್ ಬನ್ನಿ.

ದಾರಿ ಒಂದು: ಹಳೆಯ ರೈಲಿನ ಹಾದಿ

ಹೊಸಬರಿಗೆ ನಾನು ಮೊದಲು ಹೇಳುವುದು ಯೂನಿಯನ್ ಟ್ರಾನ್ಸ್‌ಪೋರ್ಟೇಶನ್ ಟ್ರೇಲ್. ನಮ್ಮ ಪಕ್ಕದ ಅಪ್ಪರ್ ಫ್ರೀಹೋಲ್ಡ್‌ನಲ್ಲಿದೆ, ಮಾನ್ಮತ್ ಕೌಂಟಿ ಪಾರ್ಕ್‌ನವರು ನೋಡಿಕೊಳ್ಳುತ್ತಾರೆ, ಉದ್ದ ಸುಮಾರು 9 ಮೈಲಿ. ಪೆಂಬರ್ಟನ್‌ನಿಂದ ಹೈಟ್ಸ್‌ಟೌನ್‌ಗೆ 1868ರಲ್ಲಿ ಶುರುವಾದ ರೈಲು ಇಲ್ಲೇ ಓಡುತ್ತಿತ್ತು. ರೈಲು ಹೋಗಿ ಶಾನೆ ವರ್ಷವಾದರೂ ಶರಾನ್ ಸ್ಟೇಷನ್ ರಸ್ತೆ, ಡೇವಿಸ್ ಸ್ಟೇಷನ್ ರಸ್ತೆ ಎಂಬ ಹೆಸರುಗಳು ಉಳಿದಿವೆ.

ರೈಲಿನ ಹಾದಿಯೇ ಯಾಕೆ? ಉಗಿಬಂಡಿ ಕಡಿದಾದ ಏರು ಹತ್ತಲಾರದು. ಹಾಗಾಗಿ ಅಂದಿನವರು ದಿಬ್ಬ ಕಡಿದು, ತಗ್ಗು ತುಂಬಿ ದಾರಿ ಮಾಡಿದ್ದರು. ಅದರ ಲಾಭ ಇಂದು ನಮ್ಮ ಮೊಣಕಾಲಿಗೆ. ನೆಲಕ್ಕೆ ಹಾಸಿರುವುದು ಕಲ್ಲಿನ ಪುಡಿ, ಡಾಂಬರಿಗಿಂತ ಮೆತ್ತಗೆ. ಎರಡೂ ಕಡೆ ಹೊಲ, ಕುದುರೆ ಫಾರ್ಮ್. ಕಾರು ಇಲ್ಲ, ಆದರೆ ಟ್ರೇಲ್ ಅಲ್ಲಲ್ಲಿ ರಸ್ತೆ ದಾಟುತ್ತದೆ, ಅಲ್ಲಿ ನಿಂತೇ ಹೋಗಿ. ಕುದುರೆ ಸವಾರರು ಬಂದರೆ ಓಟ ನಿಲ್ಲಿಸಿ ನಡೆಯಿರಿ, "ಹಲೋ" ಅನ್ನಿ. ಮನುಷ್ಯರ ದನಿ ಕೇಳಿದರೆ ಕುದುರೆ ಬೆದರುವುದಿಲ್ಲ. ಇಂಥ ಟ್ರೇಲ್‌ಗಳಲ್ಲಿ ಮಾತ್ರ ಎಲ್ಲರಂತೆ ಬಲಗಡೆ ಇರಬೇಕು.

ದಾರಿ ಎರಡು: ಕಾಲುವೆಯ ದಂಡೆ

ಡೆಲವೇರ್ ಅಂಡ್ ರಾರಿಟನ್ ಕಾಲುವೆ ಇನ್ನೂ ಸಮತಟ್ಟು. ದೋಣಿ ಎಳೆಯುವ ಹೇಸರಗತ್ತೆಗಳು ನಡೆಯಲೆಂದು ಮಾಡಿದ ದಂಡೆ ಅದು. ನಮಗೆ ಪ್ರಿನ್ಸ್‌ಟನ್‌ನ ಅಲೆಕ್ಸಾಂಡರ್ ರಸ್ತೆಯ ಹತ್ತಿರ ಅಥವಾ ಪೋರ್ಟ್ ಮರ್ಸರ್‌ನಲ್ಲಿ ಹೊಕ್ಕರೆ ಅನುಕೂಲ. ಬಾರ್ಡನ್‌ಟೌನ್‌ನಿಂದ ನ್ಯೂ ಬ್ರನ್ಸ್‌ವಿಕ್‌ವರೆಗೆ 44 ಮೈಲಿಯ ಈ ಕಾಲುವೆ 1834ರಲ್ಲಿ ತೆರೆಯಿತು. ಅಗೆದವರಲ್ಲಿ ಹೆಚ್ಚಿನವರು ಐರ್ಲೆಂಡಿನಿಂದ ವಲಸೆ ಬಂದ ಕೂಲಿಗಳು. ಕಾಲರಾದಲ್ಲಿ ಎಷ್ಟೋ ಜನ ಇಲ್ಲೇ ಸತ್ತರು. ದೋಣಿ ಸಂಚಾರ 1932ರಲ್ಲಿ ನಿಂತಿತು, 1974ರಲ್ಲಿ ಇದು ಸ್ಟೇಟ್ ಪಾರ್ಕ್ ಆಯಿತು. ಲ್ಯಾಪ್‌ಟಾಪ್ ಹಿಡಿದು ಬಂದ ನಾವು ವಾರಾಂತ್ಯದಲ್ಲಿ ಸುಖವಾಗಿ ಓಡುವ ನೆಲವನ್ನು ನಮಗಿಂತ ಮೊದಲು ಬಂದ ವಲಸಿಗರು ಗುದ್ದಲಿಯಲ್ಲಿ ಅಗೆದಿದ್ದಾರೆ. ಮಕ್ಕಳಿಗೂ ಹೇಳಬೇಕಾದ ಮಾತು.

ದಾರಿ ಮೂರು: ಹಳ್ಳಿಗಳ ಒಳಗೆ

ಆಲೆನ್‌ಟೌನ್ ನಮ್ಮಿಂದ ಕಾರಲ್ಲಿ ಹತ್ತೇ ನಿಮಿಷ. ನಾಥನ್ ಆಲೆನ್ ಎಂಬವರು 1706ರಲ್ಲಿ ಜಮೀನು ಕೊಂಡು ಇಲ್ಲಿ ಹಿಟ್ಟಿನ ಗಿರಣಿ ಹಾಕಿದ್ದರಿಂದ ಈ ಹೆಸರು. ಹಳೆಯ ಮನೆಗಳು, ಗಿರಣಿ ಕೆರೆ, ಬಾತುಕೋಳಿ. ಸ್ವಲ್ಪ ಆಚೆ ಕ್ರಾಸ್‌ವಿಕ್ಸ್. ಅಲ್ಲಿ ಕ್ವೇಕರ್ ಪಂಥದವರು 1773ರಲ್ಲಿ ಕಟ್ಟಿದ ಇಟ್ಟಿಗೆಯ ಪ್ರಾರ್ಥನಾ ಮಂದಿರದ ಗೋಡೆಯಲ್ಲಿ 1778ರ ಕದನದ ಫಿರಂಗಿ ಗುಂಡು ಇನ್ನೂ ಕೂತಿದೆ. ಈ ಹಳ್ಳಿಗಳಿಗೆ ಮನೆಯಿಂದಲೇ ಓಡಿಕೊಂಡು ಹೋಗಬೇಡಿ, ನಡುವಿನ ರಸ್ತೆಗಳ ಅಂಚು ಕಿರಿದು. ಕಾರು ಅಲ್ಲಿ ನಿಲ್ಲಿಸಿ, ಒಳಬೀದಿಗಳಲ್ಲಿ ಓಡಿ.

ಕಾಡು ಬೇಕೆನ್ನುವವರಿಗೆ ಅಸನ್‌ಪಿಂಕ್ ಇದೆ, 6,000 ಎಕರೆಗೂ ಹೆಚ್ಚು. ಆದರೆ ಅಲ್ಲಿ ಬೇಟೆಗೆ ಅನುಮತಿ ಇದೆ. ಬೇಟೆಯ ಸೀಸನ್‌ನಲ್ಲಿ ಹೋಗದಿರುವುದೇ ಲೇಸು. ಹೋದರೆ ಕಡು ಕಿತ್ತಳೆ ಬಣ್ಣದ ಅಂಗಿ ಹಾಕಲೇಬೇಕು.

ಶುರು ಮಾಡುವುದು ಹೇಗೆ?

ನಿಧಾನವೇ ಪ್ರಧಾನ. ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. ಹೀಗೆ ಇಪ್ಪತ್ತು ನಿಮಿಷ, ವಾರಕ್ಕೆ ಮೂರು ದಿನ. ಪಕ್ಕದವರ ಜೊತೆ ಮಾತಾಡಲು ಉಸಿರು ಸಾಲದಿದ್ದರೆ ವೇಗ ಹೆಚ್ಚಾಯಿತು ಎಂದರ್ಥ. ಹೋದಷ್ಟೇ ದೂರ ವಾಪಸ್ ಬರಬೇಕು ಅನ್ನುವುದು ನೆನಪಿರಲಿ. ನಾನು ಮೊದಲ ವಾರ ಮರೆತು ಹೆಂಡತಿಗೆ ಫೋನ್ ಮಾಡಿ ಕಾರು ತರಿಸಿಕೊಂಡಿದ್ದೆ!

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆ ಅಥವಾ 75 ನಿಮಿಷ ಓಟದಂಥ ಶ್ರಮ. ನಮ್ಮವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುತ್ತದೆ. ಅದಕ್ಕೇ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಶನ್ 2015ರಿಂದ ಏಷ್ಯಾ ಮೂಲದವರಿಗೆ ಬಿಎಂಐ 25ರ ಬದಲು 23ಕ್ಕೇ ತಪಾಸಣೆ ಎನ್ನುತ್ತಿದೆ. ಎದೆನೋವು, ಬಿ.ಪಿ., ಸಕ್ಕರೆ ಇದ್ದವರು ಡಾಕ್ಟರನ್ನು ಕೇಳಿಯೇ ಹೊರಡಿ.

ಕೊನೆಗೊಂದು ಮಾತು, ಉಣ್ಣೆ ಹುಳ. ಹುಲ್ಲಿನ ಅಂಚಿನಲ್ಲಿ ಜಿಂಕೆಯ ಉಣ್ಣೆ ಮೈಗೆ ಹತ್ತುತ್ತದೆ, ಲೈಮ್ ಕಾಯಿಲೆ ತರುತ್ತದೆ. ಮನೆಗೆ ಬಂದ ಕೂಡಲೇ ಸ್ನಾನ ಮಾಡಿ, ಮೊಣಕಾಲಿನ ಹಿಂಭಾಗ, ಕಂಕುಳು ಎಲ್ಲ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಕಚ್ಚಿಕೊಂಡಿದ್ದರೆ ಮಾತ್ರ ಸೋಂಕು ದಾಟುವುದರಿಂದ ಅವತ್ತೇ ನೋಡಿಕೊಳ್ಳುವುದು ಮುಖ್ಯ.

ಅಪ್ಪ ಊರಿಗೆ ಹೋಗಿ ಶಾನೆ ದಿನವಾಯಿತು. ಭಾನುವಾರ ಫೋನ್ ಮಾಡಿದಾಗ "ಓಟ ನಡೀತಿದೆಯೇನೋ?" ಎಂದು ಕೇಳುತ್ತಾರೆ. "ನಡೀತಿದೆ" ಅನ್ನುತ್ತೇನೆ. "ಯಾವ ಕಡೆ?" ಅನ್ನುತ್ತಾರೆ. "ಎಡಗಡೆ ಅಪ್ಪ. ನೀವು?" "ಬಲಗಡೆ."

ಬೇಸಿಗೆಗೆ ನಿಮ್ಮ ಅಪ್ಪ-ಅಮ್ಮ, ಅತ್ತೆ-ಮಾವ ಬಂದರೆ, ಅವರು ಒಬ್ಬರೇ ವಾಕಿಂಗ್ ಹೊರಡುವ ಮೊದಲು ಒಂದು ದಿನ ಜೊತೆಗೆ ಹೋಗಿ ಇದನ್ನು ತೋರಿಸಿ. ನನ್ನ ಹಾಗೆ ಅವರಿಂದಲೇ ಕಲಿತರೂ ಸರಿ.