ತಪ್ಪು ತಲೆಯದಲ್ಲ, ನಿದ್ದೆಯದು



ನಾವು ಆಳಂದ, ಅಫಜಲಪುರ, ಜೇವರ್ಗಿ ಕಡೆಯವರು. ಹಗಲೆಲ್ಲ ತೊಗರಿ ಹೊಲದಲ್ಲಿ ದುಡಿಯುತ್ತೇವೆ. ರಾತ್ರಿ ಯಾರಾದರೂ ಗೊರಕೆ ಹೊಡೆದರೆ, "ದಣದಾಳ, ಚಲೋ ನಿದ್ದಿ ಹತ್ಯಾದ" ಅನ್ನುತ್ತೇವೆ. ಆದರೆ ಎಲ್ಲಾ ಗೊರಕೆ ಚಲೋ ನಿದ್ದೆ ಅಲ್ಲ.

ನಮ್ಮ ನಡುವೆ ಒಬ್ಬ ದೊಡ್ಡವ್ವ ಇದ್ದಾಳೆ ಅಂದುಕೊಳ್ಳೋಣ. ಪಾಠಕ್ಕೆ ಕೂತರೆ ತೂಕಡಿಸುತ್ತಾಳೆ. ನಿನ್ನೆ ಕಲಿತದ್ದು ಇವತ್ತು ಮರೆಯುತ್ತಾಳೆ. ಒಲೆ ಮೇಲೆ ಬ್ಯಾಳಿ ಇಟ್ಟದ್ದೂ ನೆನಪಿಲ್ಲ. "ನನ್ನ ತಲಿಗಿ ಅಕ್ಷರ ಹತ್ತಂಗಿಲ್ಲ ಬಿಡವ್ವಾ" ಅನ್ನುತ್ತಾಳೆ.

ಸೊಸೆ ಹೇಳುತ್ತಾಳೆ: "ಅತ್ತಿ, ರಾತ್ರಿ ನಿಮ್ಮ ಗೊರಕಿ ಒಮ್ಮೆಲೆ ನಿಲ್ತದ. ಉಸಿರೂ ನಿಲ್ತದ. ಆಮ್ಯಾಲ ಗಕ್ಕನ ಉಸಿರು ತಗೋತೀರಿ. ನನಗ ಅಂಜಿಕಿ ಬರ್ತದ."

ಹೀಗೇಕೆ ಆಗುತ್ತದೆ? ನಿದ್ದೆಯಲ್ಲಿ ಗಂಟಲು ಸಡಿಲಾಗುತ್ತದೆ. ಕೆಲವರಿಗೆ ಉಸಿರಿನ ದಾರಿಯೇ ಮುಚ್ಚುತ್ತದೆ. 10 ಸೆಕೆಂಡು, ಒಮ್ಮೊಮ್ಮೆ ಇನ್ನೂ ಹೆಚ್ಚು ಹೊತ್ತು ಉಸಿರು ನಿಲ್ಲುತ್ತದೆ. ಮೆದುಳು ಗಾಬರಿಯಿಂದ ಎಚ್ಚರಿಸುತ್ತದೆ. ರೋಗ ಜೋರಾಗಿದ್ದರೆ ತಾಸಿಗೆ 30 ಸಲಕ್ಕಿಂತ ಹೆಚ್ಚು ಹೀಗಾಗುತ್ತದೆ. ಬೆಳಗ್ಗೆ ನಮಗೆ ಇದು ನೆನಪಿರುವುದಿಲ್ಲ. ಮೆದುಳಿಗೆ ಮಾತ್ರ ವಿಶ್ರಾಂತಿ ಸಿಕ್ಕಿರುವುದಿಲ್ಲ. ಡಾಕ್ಟರು ಇದಕ್ಕೆ ಸ್ಲೀಪ್ ಆಪ್ನಿಯಾ ಅನ್ನುತ್ತಾರೆ. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಇದು ಬರುವುದು ಹೆಚ್ಚು.

ಇದಕ್ಕೆ ಉಪಾಯ ಇದೆ. 1981ರಲ್ಲಿ ಆಸ್ಟ್ರೇಲಿಯಾದ ಡಾಕ್ಟರ್ ಕಾಲಿನ್ ಸುಲಿವಾನ್ ಮತ್ತು ಜೊತೆಗಾರರು ಅದನ್ನು ಜಗತ್ತಿಗೆ ತಿಳಿಸಿದರು. ಅದೊಂದು ಸಣ್ಣ ಯಂತ್ರ. ಹೆಸರು ಸೀಪ್ಯಾಪ್. ಮಲಗುವಾಗ ಮೂಗಿಗೆ ಮಾಸ್ಕ್ ಹಾಕಬೇಕು. ಯಂತ್ರ ಗಾಳಿ ಒತ್ತುತ್ತದೆ. ಗಾಳಿ ತುಂಬಿದ ಸೈಕಲ್ ಟ್ಯೂಬು ಮುದುಡುವುದಿಲ್ಲ. ಹಾಗೆಯೇ ಗಂಟಲು ಮುಚ್ಚುವುದಿಲ್ಲ.

ಇದರಿಂದ ತಲೆಗೆ ಏನು ಲಾಭ? ಹಗಲಿನ ತೂಕಡಿಕೆ ಕಡಿಮೆ ಆಗುತ್ತದೆ. ಕೆಲಸದಲ್ಲಿ ಗಮನ ನಿಲ್ಲುತ್ತದೆ. ಕೆಲವರಿಗೆ ನೆನಪೂ ಸುಧಾರಿಸುತ್ತದೆ. ಎಲ್ಲರಿಗೂ ಒಂದೇ ಸಮ ಅಲ್ಲ. ಮರೆವೆಲ್ಲ ಹೋಗುತ್ತದೆ ಎಂದು ನಾವು ಹೇಳುವುದಿಲ್ಲ. ಯಂತ್ರವನ್ನು ದಿನಾ ರಾತ್ರಿ ಹಾಕಬೇಕು. ಬಿಟ್ಟರೆ ತೊಂದರೆ ಮರಳಿ ಬರುತ್ತದೆ.

ಯಂತ್ರ ತುಟ್ಟಿ. ಕರೆಂಟೂ ಬೇಕು. ಆದ್ದರಿಂದ ಮೊದಲು ಪರೀಕ್ಷೆ ಆಗಲಿ. ರಕ್ತ ಕಡಿಮೆ ಇದ್ದರೂ, ಥೈರಾಯ್ಡ್ ತೊಂದರೆ ಇದ್ದರೂ ಸುಸ್ತು ಬರುತ್ತದೆ. ಆಶಾ ಕಾರ್ಯಕರ್ತೆಗೆ ಹೇಳಿ. ತಾಲೂಕು ಆಸ್ಪತ್ರೆಗೆ ಹೋಗಿ. ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಚೀಟಿ ಕೇಳಿ. ಸೊಸೆಯನ್ನು ಜೊತೆಗೆ ಕರೆದೊಯ್ಯಿರಿ. ರಾತ್ರಿ ನಡೆದದ್ದನ್ನು ಕಂಡವಳು ಅವಳೇ. ನಿದ್ದೆ ಗುಳಿಗೆ ಮಾತ್ರ ನೀವಾಗಿಯೇ ನುಂಗಬೇಡಿ.

ಅಕ್ಷರ ಹತ್ತದಿದ್ದರೆ ದಡ್ಡಿ ಅಂತ ಯಾರೂ ಅನ್ನಬಾರದು. ನಾವೂ ಅಂದುಕೊಳ್ಳಬಾರದು.

ಮಾತಾಡೋಣ: ನಿಮ್ಮ ಮನೆಯಲ್ಲಿ ಯಾರಿಗೆ ಗೊರಕೆ ನಡುವೆ ಉಸಿರು ನಿಲ್ಲುತ್ತದೆ? ಇವತ್ತು ರಾತ್ರಿ ಗಮನಿಸಿ.