ಕೌನ್ಸೆಲಿಂಗ್ ಮುಂದೆ ಸಾಗುತ್ತಿಲ್ಲ, ಬಿಟ್ಟುಬಿಡಲೇ?

ಪ್ರಶ್ನೆ: 2022ರ ಜೂನ್ 3ರ ಬೆಳಿಗ್ಗೆ ಕಮಲಾಪುರದ ಬಳಿ ಗೋವಾದಿಂದ ಹೈದರಾಬಾದ್‌ಗೆ ಹೊರಟಿದ್ದ ಬಸ್ಸಿಗೆ ಬೆಂಕಿ ಹತ್ತಿದಾಗ ನೆರವಿಗೆ ಓಡಿಹೋದವರಲ್ಲಿ ನಾನೂ ಒಬ್ಬ. ಒಳಗಿದ್ದವರ ಆ ಕೂಗು ಇನ್ನೂ ಕಿವಿಯಲ್ಲಿದೆ. ನಾಲ್ಕು ತಿಂಗಳಿಂದ ಕಲಬುರಗಿಗೆ ಬಂದು ಕೌನ್ಸೆಲಿಂಗ್ ತಗೊಳ್ಳುತ್ತಿದ್ದೇನೆ. ಮೊದಮೊದಲು ನಿದ್ದೆ ಸುಧಾರಿಸಿತ್ತು. ಈಗ ಹೇಳಿದ್ದನ್ನೇ ಹೇಳಿ ಬರುತ್ತೇನೆ. ಹೊಲಕ್ಕೆ ಇವತ್ತಿಗೂ ಆ ಜಾಗ ತಪ್ಪಿಸಿ ಸುತ್ತು ದಾರಿಯಲ್ಲೇ ಹೋಗುವುದು. ಮನೆಯವರು ‘ಅದೆಲ್ಲ ಬಿಡು, ಶರಣಬಸವೇಶ್ವರ ಗುಡಿಗೆ ಹೋಗಿ ಬಾ’ ಎನ್ನುತ್ತಾರೆ. ಬಿಡಲೇ ಡಾಕ್ಟರೇ?
– ಹೆಸರು ಬೇಡ, ಕಮಲಾಪುರ

ಉತ್ತರ: ಗುಡಿಗೆ ಖಂಡಿತ ಹೋಗಿ. ಕೌನ್ಸೆಲಿಂಗ್ ಮಾತ್ರ ಈಗ ಬಿಡಬೇಡಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಆ ಸುತ್ತು ದಾರಿ. ಕೌನ್ಸೆಲಿಂಗ್ ಕೋಣೆಯಲ್ಲೂ ನೀವು ಅದನ್ನೇ ಹಿಡಿದಿರಬಹುದು. ಬೆಂಕಿ, ಜನ, ಪೊಲೀಸರು ಎಲ್ಲ ಹೇಳಿ, ಎಲ್ಲಕ್ಕಿಂತ ಹೆಚ್ಚು ಕಾಡುವ ಆ ಒಂದು ನಿಮಿಷ ಬಂದಾಗ ಬೇರೆ ಮಾತಿಗೆ ಹೊರಳುತ್ತೀರಾ? ಗಮನಿಸಿಕೊಳ್ಳಿ. ತಪ್ಪಿಸಿಕೊಂಡರೆ ಆ ಹೊತ್ತಿಗೆ ಹಗುರ ಅನಿಸುತ್ತದೆ, ಆದರೆ ಭಯ ಇನ್ನಷ್ಟು ಬೇರು ಬಿಡುತ್ತದೆ. ಹಾಗೆಂದು ನಾಳೆಯೇ ಒಬ್ಬರೇ ಅಲ್ಲಿಗೆ ಹೋಗಿ ನಿಲ್ಲುವ ಸಾಹಸ ಬೇಡ. ಅದನ್ನು ಚಿಕಿತ್ಸಕರ ಜತೆ ಹಂತಹಂತವಾಗಿ ಮಾಡಬೇಕು.

ಕಾಲು ಹೂತುಹೋಗುವ ಇನ್ನೊಂದು ಜಾಗ, ತಪ್ಪು ತನ್ನದೆಂಬ ಭಾವ. ‘ಕಿಟಕಿ ಒಡೆದಿದ್ದರೆ ಒಬ್ಬರಾದರೂ ಉಳೀತಿದ್ರು’ ಎಂಬಂಥ ಮಾತು ಒಳಗೆ ಸುತ್ತುತ್ತಿದ್ದರೆ ಹಾಳೆಯಲ್ಲಿ ಬರೆದು ಒಯ್ಯಿರಿ. ಅಮೆರಿಕದ ಮನೋವಿಜ್ಞಾನಿ ಪೆಟ್ರಿಷಿಯಾ ರೆಸಿಕ್ ರೂಪಿಸಿದ, ಸಾಮಾನ್ಯವಾಗಿ 12 ಭೇಟಿಗಳ ಚಿಕಿತ್ಸೆ ಇಂಥ ಸಾಲುಗಳನ್ನೇ ಹಿಡಿದು ಪ್ರಶ್ನಿಸುತ್ತದೆ: ಅಂದು ಎಷ್ಟು ಸಮಯವಿತ್ತು? ಕೈಯಲ್ಲಿ ಏನಿತ್ತು? ಹತ್ತಿರ ಹೋಗುವಷ್ಟಾದರೂ ಆ ಝಳ ಬಿಟ್ಟಿತ್ತೇ?

‘ಮುಂದೆ ಹೋಗ್ತಿಲ್ಲ ಅನಸ್ತದ್ರಿ’ ಎಂದು ನಿಮ್ಮ ಚಿಕಿತ್ಸಕರಿಗೆ ನೇರವಾಗಿ ಹೇಳಿ. ಡಾಕ್ಟರಿಗೆ ಬೇಜಾರಾದೀತೆಂದು ‘ಆರಾಮ ಅದೀನ್ರಿ’ ಎಂದು ಎದ್ದುಹೋಗುವವರು ನಮ್ಮ ಕಡೆ ಬಹಳ. ನಾನೂ ಎಷ್ಟೋ ಸಲ ಅದನ್ನು ನಂಬಿ ಮೋಸಹೋಗಿದ್ದೇನೆ. ಯಾವ ಪದ್ಧತಿಯ ಚಿಕಿತ್ಸೆ, ಇನ್ನೆಷ್ಟು ಭೇಟಿ ಎಂದು ಕೇಳಿದರೆ ತಪ್ಪೇನಿಲ್ಲ. ಖಿನ್ನತೆ, ಕುಡಿತ ಸೇರಿಕೊಂಡಿದ್ದರೂ ಗಾಡಿ ನಿಲ್ಲುತ್ತದೆ, ಮುಚ್ಚಿಡಬೇಡಿ. ಗುಳಿಗೆ ಬರೆದುಕೊಟ್ಟಿದ್ದರೆ ನೀವಾಗಿ ನಿಲ್ಲಿಸಬೇಡಿ. ಇಷ್ಟಾಗಿಯೂ ಹೊಂದಿಕೆ ಆಗದಿದ್ದರೆ ಕಲಬುರಗಿಯ ಜಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ, ಎರಡನೇ ಅಭಿಪ್ರಾಯ ಕೇಳಿ.

ನಡುವೆ ಬದುಕೇ ಸಾಕೆನಿಸಿದರೆ ಮುಂದಿನ ಭೇಟಿಗೆ ಕಾಯಬೇಡಿ, ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ತೆರೆದಿರುತ್ತದೆ, ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ.